ವೈ-ಫೈ ಇದೆ, ನೆಟ್ ಇಲ್ಲ: ನೀವಿರುವ ನೆಟ್‌ವರ್ಕ್ ಯಾವುದು ಅಂತ ಗುರುತಿಸೋದು ಹೇಗೆ?

ಮನೆಯಲ್ಲಿ ನೆಟ್ ಕೈಕೊಟ್ಟಾಗ ಎಲ್ಲರೂ ಹೇಳೋದು ಒಂದೇ ಮಾತು: "ವೈ-ಫೈ ಫುಲ್ ತೋರಿಸ್ತಿದೆ, ಏನೂ ಓಪನ್ ಆಗ್ತಿಲ್ಲ." ಫೋನ್ ಸರಿಯಾಗೇ ತೋರಿಸುತ್ತಿದೆ. ವೈ-ಫೈ ಅಂದ್ರೆ ಫೋನಿನಿಂದ ರೂಟರ್‌ವರೆಗಿನ, ಅಂದರೆ ಮನೆಗೆ ನೆಟ್ ಹಂಚುವ ಡಬ್ಬಿಯವರೆಗಿನ ದಾರಿ, ಅಷ್ಟೇ. ರೂಟರ್‌ನಿಂದ ಆಚೆಗೆ ಬೇರೆ ನೆಟ್‌ವರ್ಕ್ ಶುರುವಾಗುತ್ತದೆ, ಸಾಮಾನ್ಯವಾಗಿ ಕೆಟ್ಟಿರುವುದು ಅದು.

ನೆಟ್‌ವರ್ಕ್‌ಗಳ ಬಗೆಗಳನ್ನು ಲ್ಯಾನ್, ಮ್ಯಾನ್, ವ್ಯಾನ್ ಅಂತ ಓದುವಾಗ ಪಠ್ಯಪುಸ್ತಕಗಳು ದೂರದ ಲೆಕ್ಕ ಕೊಡುತ್ತವೆ. ಕಟ್ಟಡದೊಳಗೆ ಇದ್ದರೆ ಲ್ಯಾನ್, ಊರಿನೊಳಗೆ ಇದ್ದರೆ ಮ್ಯಾನ್, ಅದಕ್ಕಿಂತ ಆಚೆಗೆ ಹೋದರೆ ವ್ಯಾನ್. ಪರೀಕ್ಷೆಗೆ ಇಷ್ಟು ಸಾಕು. ಆದರೆ ನಿಜವಾಗಿ ಗುರುತಿಸಬೇಕು ಅಂದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ನಡುವಿನ ವೈರು ಯಾರದ್ದು? ಅದು ತುಂಡಾದರೆ ನೀವೇ ಬದಲಾಯಿಸಬಹುದಾ, ಇಲ್ಲ ಯಾರಿಗಾದರೂ ಫೋನ್ ಮಾಡಿ ಕಾಯಬೇಕಾ? ನೀವೇ ಬದಲಾಯಿಸಬಹುದಾದರೆ ಅದು ಬಹುಮಟ್ಟಿಗೆ ಲ್ಯಾನ್. ಕಾಯಬೇಕಾದರೆ ನೀವು ಗಡಿ ದಾಟಿದ್ದೀರಿ. 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ, ಇಂಟರ್‌ನೆಟ್‌ನ ಪೂರ್ವಜ ಆರ್ಪಾನೆಟ್ ಕೂಡ ಟೆಲಿಫೋನ್ ಕಂಪನಿಯ ಬಾಡಿಗೆ ಲೈನ್‌ಗಳ ಮೇಲೆ ಓಡುತ್ತಿತ್ತು. 1973ರಲ್ಲಿ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಬಾಬ್ ಮೆಟ್‌ಕಾಫ್ ಈಥರ್‌ನೆಟ್ ಅನ್ನೋ ಕೇಬಲ್ ಜೋಡಣೆಯ ಯೋಚನೆ ಮುಂದಿಟ್ಟಿದ್ದು ಒಂದೇ ಕಟ್ಟಡದ ಕಂಪ್ಯೂಟರ್‌ಗಳನ್ನು ಪ್ರಿಂಟರ್‌ಗೆ ಜೋಡಿಸೋಕೆ. ಮೊದಲನೆಯದು ವ್ಯಾನ್, ಎರಡನೆಯದು ಲ್ಯಾನ್.

ಮೊದಲು ರೂಟರ್‌ನ ಹಿಂಬದಿ ನೋಡಿ

ಟಿವಿ ಪಕ್ಕದಲ್ಲಿ ಧೂಳು ಹಿಡಿದು ಕೂತಿರುವ ಆ ಡಬ್ಬಿಯನ್ನು ಒಮ್ಮೆ ತಿರುಗಿಸಿ. ಒಂದೇ ಥರದ ಮೂರೋ ನಾಲ್ಕೋ ತೂತುಗಳು ಸಾಲಾಗಿ ಇರುತ್ತವೆ, ಎಷ್ಟೋ ರೂಟರ್‌ಗಳಲ್ಲಿ ಹಳದಿ ಬಣ್ಣ. ಅವು ಲ್ಯಾನ್ ಪೋರ್ಟ್‌ಗಳು. ಸ್ವಲ್ಪ ದೂರದಲ್ಲಿ, ಬೇರೆ ಬಣ್ಣದಲ್ಲಿ ಒಂದೇ ಒಂದು ಪೋರ್ಟ್ ಇರುತ್ತದೆ, ಅದರ ಮೇಲೆ ವ್ಯಾನ್ ಅಂತಲೋ ಇಂಟರ್‌ನೆಟ್ ಅಂತಲೋ ಬರೆದಿರುತ್ತದೆ. ಫೈಬರ್ ಸಂಪರ್ಕ ನೇರವಾಗಿ ಡಬ್ಬಿಗೇ ಬರುತ್ತಿದ್ದರೆ ಆ ಪೋರ್ಟ್ ಬದಲು ತೆಳ್ಳಗಿನ ಕೇಬಲ್ ಒಂದು ಸಿಕ್ಕಿಸಿರುತ್ತದೆ, ತುದಿ ಸಾಮಾನ್ಯವಾಗಿ ಹಸಿರು. ಪುಸ್ತಕದಲ್ಲಿ ಓದಿದ ಆ ಗಡಿ ಇದೇ ಡಬ್ಬಿಯ ಬೆನ್ನ ಮೇಲಿದೆ. ಹಳದಿ ಕಡೆಯದೆಲ್ಲ ನಿಮ್ಮದು, ವ್ಯಾನ್ ಅಥವಾ ಫೈಬರ್ ಕಡೆಯದು ಇಂಟರ್‌ನೆಟ್ ಕಂಪನಿಯದು.

ಫೈಬರ್ ಡಬ್ಬಿಯ ಮುಂಭಾಗದಲ್ಲಿ ಲಾಸ್ (ಎಲ್, ಒ, ಎಸ್) ಅನ್ನೋ ಕೆಂಪು ದೀಪ ಮಿಣುಕುತ್ತಿದ್ದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಆಗ ಫೋನಿನ ವೈ-ಫೈಯನ್ನು ಹತ್ತು ಸಲ ಆಫ್ ಆನ್ ಮಾಡಿದರೂ ಪ್ರಯೋಜನ ಇಲ್ಲ. ಬದಲಿಗೆ ವೈ-ಫೈ ಪ್ರಿಂಟರ್ ಇದ್ದರೆ ಒಂದು ಪುಟ ಪ್ರಿಂಟ್ ಕೊಟ್ಟು ನೋಡಿ, ಬಹಳಷ್ಟು ಪ್ರಿಂಟರ್‌ಗಳಲ್ಲಿ ಪುಟ ಬಂದೇ ಬರುತ್ತದೆ. ಇಂಟರ್‌ನೆಟ್ ಸತ್ತಿದ್ದರೂ ಲ್ಯಾನ್ ಬದುಕಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಫೈಬರ್ ಕೇಬಲ್ ಕಿತ್ತು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡೋದು ಮಾತ್ರ ಬೇಡ. ಅದರಲ್ಲಿ ಬರೋ ಲೇಸರ್ ಬೆಳಕು ಕಣ್ಣಿಗೆ ಕಾಣೋದಿಲ್ಲ, ಆದರೂ ಅಪಾಯ.

ಆಮೇಲೆ ವಿಳಾಸ ಓದಿ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ಐ, ಪಿ, ಸಿ, ಒ, ಎನ್, ಎಫ್, ಐ, ಜಿ) ಅಂತ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ. ಫೋನಿನಲ್ಲಾದರೆ ವೈ-ಫೈ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಹೆಸರನ್ನು ಒತ್ತಿದರೆ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ನಿಮ್ಮ ಯಂತ್ರದ ನಂಬರ್, ಕಾಣುತ್ತದೆ. 192.168 ಅಥವಾ 10 ಅಂತ ಶುರುವಾದರೆ, ಇಲ್ಲವೇ 172.16ರಿಂದ 172.31ರ ಒಳಗಿದ್ದರೆ, ಅದು ಖಾಸಗಿ ನೆಟ್‌ವರ್ಕ್‌ಗಳಿಗೆ ಅಂತಲೇ ಎತ್ತಿಟ್ಟ ಸಂಖ್ಯೆ. ನಿಮ್ಮ ಲ್ಯಾಪ್‌ಟಾಪ್‌ಗೂ ಪಕ್ಕದ ಮನೆಯವರ ಫೋನಿಗೂ 192.168.1.5 ಅಂತಲೇ ಇರಬಹುದು, ಜಗಳ ಆಗೋದಿಲ್ಲ, ಯಾಕೆಂದರೆ ಎರಡೂ ಅವರವರ ರೂಟರ್ ದಾಟಿ ಹೊರಗೆ ಹೋಗೋದಿಲ್ಲ.

169.254 ಅಂತ ಕಂಡರೆ ರೂಟರ್ ನಿಮಗೆ ವಿಳಾಸವನ್ನೇ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಹಾಕಿಕೊಂಡಿದೆ. ಹಾಗಾದಾಗ ತೊಂದರೆ ಲ್ಯಾನ್‌ನಲ್ಲೇ ಇದೆ. ಕೇಬಲ್ ಸಡಿಲವಾಗಿದೆಯಾ ಅಂತ ಮೊದಲು ನೋಡಿ, ಕಂಪನಿಗೆ ಆಮೇಲೆ ಫೋನ್ ಮಾಡಿದರಾಯಿತು.

ಒಂದು ವಿಷಯ ನೆನಪಿಡಿ. ಖಾಸಗಿ ವಿಳಾಸ ಇದೆ ಅಂದಮಾತ್ರಕ್ಕೆ ಲ್ಯಾನ್ ಅಂತ ತೀರ್ಮಾನ ಮಾಡೋಕಾಗಲ್ಲ. ದೊಡ್ಡ ಕಂಪನಿಯೊಂದರ ಬೆಂಗಳೂರು, ಪುಣೆ ಆಫೀಸುಗಳೆರಡೂ 10ರಿಂದ ಶುರುವಾಗೋ ವಿಳಾಸಗಳನ್ನೇ ಬಳಸುತ್ತಿರಬಹುದು, ನಡುವೆ ಬಾಡಿಗೆ ಲೈನ್ ಇರುತ್ತದೆ. ಅದು ವ್ಯಾನ್. ಹಾಗಾಗಿ ಮುಂದಿನ ಪರೀಕ್ಷೆಯೂ ಬೇಕು.

ಪಿಂಗ್ ಮಾಡಿ, ದಾರಿ ಎಣಿಸಿ

ನನಗೆ ಎಲ್ಲಕ್ಕಿಂತ ಇಷ್ಟದ ಪರೀಕ್ಷೆ ಇದು. ಐಪಿಕಾನ್ಫಿಗ್‌ನಲ್ಲಿ ಡೀಫಾಲ್ಟ್ ಗೇಟ್‌ವೇ ಅಂತ ಒಂದು ಸಂಖ್ಯೆ ಕಂಡಿತ್ತಲ್ಲ, ಅದು ನಿಮ್ಮ ರೂಟರ್. ಪಿಂಗ್ ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಆ ಸಂಖ್ಯೆ ಹಾಕಿ ಎಂಟರ್ ಒತ್ತಿ. ಅದು ಆ ಯಂತ್ರಕ್ಕೆ ಚಿಕ್ಕ ಸಂದೇಶ ಕಳಿಸಿ, ಉತ್ತರ ಬರೋಕೆ ಎಷ್ಟು ಹೊತ್ತಾಯಿತು ಅಂತ ತೋರಿಸುತ್ತದೆ. ಕೇಬಲ್‌ನಲ್ಲಿ ಜೋಡಿಸಿದ್ದರೆ ಉತ್ತರ ಒಂದು ಮಿಲಿಸೆಕೆಂಡಿಗಿಂತ ಬೇಗ ಬರುತ್ತದೆ, ವೈ-ಫೈ ಆದರೆ ತುಸು ಜಾಸ್ತಿ. ಇನ್ನು ದೂರದ ಒಂದು ಕಂಪ್ಯೂಟರಿಗೆ ಮಾಡಿ ನೋಡಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಬೇಕಲ್ವಾ, ಹಾಗಾಗಿ ಪ್ರತಿ 100 ಕಿಲೋಮೀಟರ್ ದೂರಕ್ಕೆ ಕನಿಷ್ಠ ಒಂದು ಮಿಲಿಸೆಕೆಂಡ್. ಬೆಂಗಳೂರಿನಿಂದ ದೆಹಲಿಗೆ ನೇರ ದೂರ 1,700 ಕಿಲೋಮೀಟರ್‌ಗೂ ಜಾಸ್ತಿ, ಅಂದ್ರೆ 17 ಮಿಲಿಸೆಕೆಂಡಿಗಿಂತ ಬೇಗ ಉತ್ತರ ಬರೋಕೆ ಸಾಧ್ಯವೇ ಇಲ್ಲ.

ಇದರಿಂದ ಏನು ಗೊತ್ತಾಗುತ್ತೆ? ಉತ್ತರ 5 ಮಿಲಿಸೆಕೆಂಡಿನಲ್ಲಿ ಬಂದರೆ ಆ ಕಂಪ್ಯೂಟರ್ ನಿಮ್ಮಿಂದ 500 ಕಿಲೋಮೀಟರ್ ಒಳಗಿದೆ, ಅದರ ಕಂಪನಿ ಅಮೆರಿಕದ್ದೇ ಆಗಿರಲಿ. ದೊಡ್ಡ ಕಂಪನಿಗಳು ನಮ್ಮ ನಗರಗಳಲ್ಲೇ ಸರ್ವರ್ ಇಟ್ಟಿರುತ್ತವೆ. ಆದರೆ ತಡವಾಗಿ ಬಂದಿದ್ದೆಲ್ಲ ದೂರದ್ದು ಅಂತ ಹೇಳೋಕಾಗಲ್ಲ, ದಾರಿಯಲ್ಲಿ ದಟ್ಟಣೆ ಇದ್ದರೂ ತಡವಾಗುತ್ತದೆ.

ಆಮೇಲೆ ಟ್ರೇಸರ್ಟ್ (ಟಿ, ಆರ್, ಎ, ಸಿ, ಇ, ಆರ್, ಟಿ) ಅಂತ ಹಾಕಿ, ಜಾಗ ಬಿಟ್ಟು ಯಾವುದಾದರೂ ವೆಬ್‌ಸೈಟ್ ಹೆಸರು ಕೊಡಿ. ದಾರಿಯಲ್ಲಿ ಸಿಗುವ ಒಂದೊಂದು ಉಪಕರಣಕ್ಕೂ ಒಂದೊಂದು ಸಾಲು ನಿಧಾನವಾಗಿ ಮೂಡುತ್ತದೆ. ಮೊದಲ ಸಾಲು ನಿಮ್ಮ ರೂಟರ್. ಎರಡನೆಯದರಿಂದ ಬೇರೆಯವರ ಉಪಕರಣಗಳು. ಅಲ್ಲಿ 100.64ರಿಂದ 100.127ರ ಒಳಗಿನ ವಿಳಾಸ ಕಂಡರೆ ಅದು ಇಂಟರ್‌ನೆಟ್ ಕಂಪನಿಯ ಒಳಗಿನ ನೆಟ್‌ವರ್ಕ್. ಕೆಲವು ಸಾಲುಗಳಲ್ಲಿ ಬರೀ ನಕ್ಷತ್ರ ಚಿಹ್ನೆ ಬಂದರೆ ಗಾಬರಿ ಬೇಡ, ಆ ಉಪಕರಣ ಉತ್ತರ ಕೊಡದೆ ಸುಮ್ನೆ ಮುಂದಕ್ಕೆ ಕಳಿಸುತ್ತಿದೆ. ಅದೇ ಆಫೀಸಿನ ಪಕ್ಕದ ಕಂಪ್ಯೂಟರಿಗೆ ಟ್ರೇಸರ್ಟ್ ಮಾಡಿದರೆ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಅದು ಲ್ಯಾನ್‌ನ ಗುರುತು.

ವ್ಯಾನ್ ಎಲ್ಲಾ ಇಂಟರ್‌ನೆಟ್ ಅಲ್ಲ

ಇಲ್ಲಿ ತುಂಬಾ ಜನ ಎಡವುತ್ತಾರೆ. ಕರ್ನಾಟಕ ಸರ್ಕಾರದ ಕೆ-ಸ್ವ್ಯಾನ್ ತಗೊಳ್ಳಿ. ಬೆಂಗಳೂರಿನಿಂದ ಜಿಲ್ಲಾ ಕೇಂದ್ರಗಳಿಗೆ, ಅಲ್ಲಿಂದ ತಾಲ್ಲೂಕುಗಳಿಗೆ ಸರ್ಕಾರಿ ಕಚೇರಿಗಳನ್ನು ಜೋಡಿಸುವ ನೆಟ್‌ವರ್ಕ್ ಅದು. ಇಡೀ ರಾಜ್ಯಕ್ಕೆ ಹರಡಿದೆ, ಹಾಗಾಗಿ ವ್ಯಾನ್. ಆದರೆ ಯಾರು ಬೇಕಾದರೂ ಮನೆಯಿಂದ ಅದರೊಳಗೆ ಹೋಗೋಕಾಗಲ್ಲ. ಬ್ಯಾಂಕಿನ ಎಟಿಎಂಗಳೂ ಹೀಗೇ. ಕೆಲವು ಎಟಿಎಂಗಳ ಮೇಲೆ ಚಿಕ್ಕ ಡಿಶ್ ಇರುತ್ತಲ್ಲ, ಅದು ಟಿವಿಗಲ್ಲ, ಉಪಗ್ರಹದ ಮೂಲಕ ಬ್ಯಾಂಕಿನ ಕಂಪ್ಯೂಟರಿಗೆ ಮಾತಾಡೋಕೆ. ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಪಿಂಗ್ ಯಾವಾಗಲೂ ಅರ್ಧ ಸೆಕೆಂಡಿನ ಆಸುಪಾಸು ಅಥವಾ ಜಾಸ್ತಿ.

ಉಳಿದ ಎರಡನ್ನು ಬೇಗ ಹೇಳಿಬಿಡುತ್ತೇನೆ. ಫೋನಿಗೆ ಬ್ಲೂಟೂತ್‌ನಲ್ಲಿ ಇಯರ್‌ಫೋನ್, ವಾಚ್ ಜೋಡಿಸಿದ್ದರೆ ಅದು ಪ್ಯಾನ್, ಒಬ್ಬರ ಮೈಸುತ್ತಿನ ನೆಟ್‌ವರ್ಕ್. ಒಂದೇ ನಗರದ ಟ್ರಾಫಿಕ್ ಕ್ಯಾಮೆರಾಗಳೆಲ್ಲ ಒಂದು ಕಂಟ್ರೋಲ್ ರೂಮಿಗೆ ಸೇರಿದ್ದರೆ ಮ್ಯಾನ್. ಕೆಲಸ ಮಾಡೋರ ಬಾಯಲ್ಲಿ ಮ್ಯಾನ್ ಅನ್ನೋ ಹೆಸರು ಕೇಳೋದು ಕಡಿಮೆ.

ಕೊನೆಗೆ ವಿಪಿಎನ್, ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ದಾವಣಗೆರೆಯ ಮನೆಯಲ್ಲಿ ಕೂತು ಬೆಂಗಳೂರಿನ ಆಫೀಸಿಗೆ ವಿಪಿಎನ್ ಹಾಕಿಕೊಂಡರೆ ಆಫೀಸಿನ ಫೋಲ್ಡರ್‌ಗಳೆಲ್ಲ ಪಕ್ಕದಲ್ಲೇ ಇದ್ದಂತೆ ಕಾಣುತ್ತವೆ. ಬಳಸೋರ ಲೆಕ್ಕದಲ್ಲಿ ನೀವು ಆಫೀಸಿನ ನೆಟ್‌ವರ್ಕ್‌ನಲ್ಲೇ ಇದ್ದೀರಿ, ವೈರಿನ ಲೆಕ್ಕದಲ್ಲಿ ಸಾರ್ವಜನಿಕ ಇಂಟರ್‌ನೆಟ್ ಮೇಲೆ ಬೀಗ ಹಾಕಿದ ದಾರಿಯಲ್ಲಿ ಹೋಗುತ್ತಿದ್ದೀರಿ. ಎರಡೂ ನಿಜ. ನೋಡಬೇಕಾದರೆ ವಿಪಿಎನ್ ಆನ್ ಮಾಡಿ ಐಪಿಕಾನ್ಫಿಗ್ ಕೊಡಿ, ಮನೆಯ ವಿಳಾಸದ ಜೊತೆ ಆಫೀಸು ಕೊಟ್ಟ ಇನ್ನೊಂದು ವಿಳಾಸವೂ ಕಾಣಿಸುತ್ತದೆ. ಈಗ ಆಫೀಸಿನ ಸರ್ವರ್‌ಗೆ ಟ್ರೇಸರ್ಟ್ ಮಾಡಿದರೆ ಸಾಲುಗಳು ಕಡಿಮೆ, ಆದರೆ ಮೊದಲ ಸಾಲಿನಲ್ಲೇ ಎಷ್ಟೋ ಮಿಲಿಸೆಕೆಂಡ್ ಹೋಗಿರುತ್ತದೆ. ನಡುವಿನ ಉಪಕರಣಗಳೆಲ್ಲ ಆ ಒಂದು ಸಾಲಿನೊಳಗೆ ಮುಚ್ಚಿಹೋಗಿವೆ. ವಿಪಿಎನ್ ಆಫ್ ಮಾಡಿ ಅದೇ ಸರ್ವರ್‌ಗೆ ಮತ್ತೆ ಕೊಟ್ಟು ನೋಡಿ, ದಾರಿ ಸಿಗದೆ ಬರೀ ನಕ್ಷತ್ರಗಳೇ ಬಂದರೆ ಆ ಸರ್ವರ್ ಇರುವುದು ಆಫೀಸಿನ ಖಾಸಗಿ ನೆಟ್‌ವರ್ಕ್‌ನ ಒಳಗೆ ಅಂತ ಬಹುಮಟ್ಟಿಗೆ ಹೇಳಬಹುದು.