ಇಂಗುಗುಂಡಿ ಕೈಕೊಟ್ಟಾಗ ನಾನು ಮೊದಲು ಓದಿದ್ದು ಮಣ್ಣನ್ನು

ಮಳೆ ಹಿಡಿದರೆ ಸಾಕು, ನಮ್ಮ ಮನೆಯ ಶೌಚಾಲಯದ ನೀರು ಇಳಿಯದೆ ನಿಲ್ಲುತ್ತಿತ್ತು. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಿದರೂ ಕೆಲವೇ ದಿನಗಳಲ್ಲಿ ಅದೇ ಪಾಡು. ಟ್ಯಾಂಕಿನಿಂದ ಹೊರಬರುವ ನೀರು ನೆಲಕ್ಕೆ ಇಂಗಬೇಕಾದ ಇಂಗುಗುಂಡಿಯೇ ಕೈಕೊಟ್ಟಿತ್ತು. ‘ಗುಂಡಿಯನ್ನು ಇನ್ನೂ ಆಳಕ್ಕೆ ತೆಗೆಸಿ’ ಎಂದವರೇ ಹೆಚ್ಚು. ಬೇಸಿಗೆಯಲ್ಲಿ ಸರಿಯಿದ್ದು ಮಳೆಗಾಲದಲ್ಲಷ್ಟೇ ಕೆಡುವುದಾದರೆ ನೆಲದಡಿಯ ನೀರನ್ನು ಮೊದಲು ಅನುಮಾನಿಸಬೇಕು ಎಂದು ನನಗೆ ಅನ್ನಿಸಿತು.

ಹಳೆಯ ಗುಂಡಿಯಿಂದ ದೂರ, ಬಾವಿಯಿಂದ 30 ಮೀಟರಿಗೂ ಆಚೆ, ಒಂದೂವರೆ ಮೀಟರ್ ಆಳದ ಪರೀಕ್ಷಾ ಗುಂಡಿ ತೋಡಿಸಿದೆ. ಮಣ್ಣು ಕುಸಿಯದಂತೆ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿದ್ದೆ. ಮೇಲಿನ ಮಣ್ಣು ಬೆರಳಿಗೆ ತರಿತರಿಯಾಗಿತ್ತು, ಉಂಡೆ ಕಟ್ಟಿದರೆ ಒಡೆಯುತ್ತಿತ್ತು. ಕೆಳಗಿನದನ್ನು ಒದ್ದೆ ಮಾಡಿ ಹೆಬ್ಬೆರಳಿನಿಂದ ಒತ್ತಿದರೆ ಐದು ಸೆಂಟಿಮೀಟರ್ ದಾಟಿದರೂ ತುಂಡಾಗದ ಪಟ್ಟಿ: ಅಪ್ಪಟ ಜೇಡಿ.

ಆದರೆ ನಿಜವಾದ ಉತ್ತರ ಸಿಕ್ಕಿದ್ದು ಬಣ್ಣದಲ್ಲಿ. ಸುಮಾರು 90 ಸೆಂಟಿಮೀಟರ್ ಕೆಳಗೆ ಕಂದು ಮಣ್ಣಿನ ನಡುವೆ ಬೂದು ಮಚ್ಚೆಗಳು, ಅವುಗಳ ಅಂಚಿಗೆ, ಹಳೆಯ ಬೇರುಗಳ ದಾರಿಗುಂಟ ತುಕ್ಕಿನ ಗೆರೆಗಳು. ಮಣ್ಣು ಬಹುಕಾಲ ನೀರಿನಲ್ಲಿ ಮುಳುಗಿದರೆ ಗಾಳಿ ಇಲ್ಲವಾಗುತ್ತದೆ; ಸೂಕ್ಷ್ಮಜೀವಿಗಳ ಕೆಲಸದಿಂದ ಕಬ್ಬಿಣ ಕರಗಿ ಹೊರಟ ಜಾಗ ಬೂದಾಗುತ್ತದೆ, ಗಾಳಿ ತಾಗಿದಲ್ಲಿ ಅದೇ ಕಬ್ಬಿಣ ಮತ್ತೆ ತುಕ್ಕಾಗಿ ಕೂರುತ್ತದೆ. ಗುಂಡಿ ಒಣಗಿಯೇ ಇತ್ತು. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆಂದು ಮಾತ್ರ ಮಣ್ಣು ಬರೆದಿಟ್ಟಿತ್ತು. ಪಕ್ಕದಲ್ಲಿ ತೂತು ಕೊರೆದ ಪಿವಿಸಿ ಪೈಪ್ ಹೂಳಿ ಮುಂದಿನ ಮಳೆಗಾಲದಲ್ಲಿ ಅಳೆದಾಗಲೂ ನೀರು ಹೆಚ್ಚುಕಡಿಮೆ ಆ ಮಟ್ಟಕ್ಕೇ ಬಂದಿತು.

ಅಂದರೆ ನಮ್ಮ ಆಳದ ಗುಂಡಿ ವರ್ಷದ ಹಲವು ತಿಂಗಳು ಅಂತರ್ಜಲದಲ್ಲೇ ಮುಳುಗಿರುತ್ತಿತ್ತು. ಕೊಳಚೆಯನ್ನು ಶುದ್ಧಗೊಳಿಸುವುದು ಗಾಳಿಯಾಡುವ ಒಣ ಮಣ್ಣು. ಇಂಗುವ ತಳಕ್ಕೂ ನೀರಿನ ಮಟ್ಟಕ್ಕೂ ನಡುವೆ ಅಂಥ ಮಣ್ಣು ಸಾಮಾನ್ಯವಾಗಿ 60ರಿಂದ 120 ಸೆಂಟಿಮೀಟರ್ ಇರಬೇಕು. ನಮ್ಮಲ್ಲಿ ಅದು ಸೊನ್ನೆ. ಆ ನೀರನ್ನೇ ಯಾರೋ ಕುಡಿಯುತ್ತಾರೆ ಎಂಬುದು ನನ್ನನ್ನು ಕಾಡಿತು. ಗುಂಡಿಯನ್ನು ಇನ್ನೂ ಆಳ ಮಾಡುವ ಮಾತನ್ನು ಅಲ್ಲಿಗೇ ಬಿಟ್ಟೆ.

ಮಣ್ಣು ನೀರನ್ನು ಎಷ್ಟು ಬೇಗ ಹೀರುತ್ತದೆಂದು ಅಳೆಯುವ ಇಂಗು ಪರೀಕ್ಷೆಯನ್ನೂ ಮಾಡಿದೆ. ಸಣ್ಣ ಕುಳಿಯ ಗೋಡೆಯನ್ನು ಚಾಕುವಿನಿಂದ ಕೆರೆದು, ಹಿಂದಿನ ದಿನವೇ ನೀರು ತುಂಬಿಸಿ ನೆನೆಸಿಟ್ಟೆ. ಒಣಮಣ್ಣು ಗಟಗಟನೆ ಕುಡಿಯುವ ವೇಗವನ್ನು ನಂಬಲಾಗದು. ಮೇಲಿನ ಪದರದಲ್ಲಿ ನೀರು ಎರಡೂವರೆ ಸೆಂಟಿಮೀಟರ್ ಇಳಿಯಲು ಇಪ್ಪತ್ತು ನಿಮಿಷ ಸಾಕಾಯಿತು. ಜೇಡಿಯಲ್ಲಿ ಗಂಟೆ ಕಳೆದರೂ ಅಷ್ಟು ಇಳಿಯಲಿಲ್ಲ.

ಹಾಗಾಗಿ ಕೇವಲ 30 ಸೆಂಟಿಮೀಟರ್ ಆಳದ, ಉದ್ದನೆಯ ಇಂಗುಕಾಲುವೆಗಳನ್ನು ಮೇಲಿನ ಪದರದಲ್ಲೇ ತೆಗೆಸಿ, ಮೇಲೆ ಮಣ್ಣು ಏರಿಸಿದೆವು. ಚಾವಣಿಯ ನೀರನ್ನು ಬೇರೆಡೆಗೆ ತಿರುಗಿಸಿದೆವು. ಅಗೆತಕ್ಕೆ ಮಣ್ಣು ಒಣಗುವವರೆಗೆ ಕಾಯಿಸಿದೆ. ಒದ್ದೆಯಲ್ಲಿ ಅಗೆದರೆ ಸನಿಕೆಯ ಅಲಗೇ ಗೋಡೆಯನ್ನು ಸವರಿ ರಂಧ್ರ ಮುಚ್ಚಿಬಿಡುತ್ತದೆ.