ಪಿಎಫ್‌ಎಂ ಕೇಳಲು ಶುರು ಮಾಡುವವರಿಗೆ

ರಾತ್ರಿ ಮುಕ್ಕಾಲು ಗಂಟೆ ಬಿಡುವು ಮಾಡಿಕೊಳ್ಳಿ. ಹೆಡ್‌ಫೋನ್ ಇರಲಿ. ಇಟಲಿಯ ಮಿಲಾನ್‌ನ ಪ್ರೆಮಿಯಾಟಾ ಫೊರ್ನೇರಿಯಾ ಮಾರ್ಕೋನಿ ಅನ್ನೋ ರಾಕ್ ತಂಡವನ್ನು ಬೇರೆ ಕೆಲಸದ ನಡುವೆ ಕೇಳಿದರೆ ಏನೂ ದಕ್ಕುವುದಿಲ್ಲ. ನಾನು ಮೊದಲೆಲ್ಲ ಬಸ್ಸಿನಲ್ಲಿ ಕೇಳುತ್ತಿದ್ದೆ, ಫ್ಲೂಟೆಲ್ಲ ಇಂಜಿನ್ ಸದ್ದಿಗೆ ಹೋಗುತ್ತಿತ್ತು. ಹೆಸರಿನ ಉದ್ದಕ್ಕೆ ಹೆದರಬೇಡಿ. ಒಂದು ಬೇಕರಿಯಿಂದ ಬಂದ ಹೆಸರು ಅದು. ಎಲ್ಲರೂ ಪಿಎಫ್‌ಎಂ ಅಂತಲೇ ಕರೆಯುತ್ತಾರೆ.

ಮೊದಲು 1972ರ ‘ಸ್ತೋರಿಯಾ ದಿ ಉನ್ ಮಿನೂತೊ’ ಆಲ್ಬಮ್ ತೆಗೆದು, ನೇರವಾಗಿ ‘ಇಂಪ್ರೆಸ್ಸಿಯೋನಿ ದಿ ಸೆತ್ತೆಂಬ್ರೆ’ ಹಾಕಿ. ಸೆಪ್ಟೆಂಬರ್ ಬೆಳಗು, ಇಬ್ಬನಿ, ಹೊಲ, ಮೆಲ್ಲಗಿನ ದನಿ. ಈಗ ಪಲ್ಲವಿ ಬರುತ್ತೆ ಅಂತ ಕಾಯುತ್ತೀರಿ. ಬರುತ್ತದೆ, ಆದರೆ ಅದರಲ್ಲಿ ಮಾತೇ ಇಲ್ಲ! ಮೂಗ್ ಸಿಂಥಸೈಜರ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯ ಆ ಪಲ್ಲವಿಯನ್ನು ಎತ್ತಿಕೊಂಡು ಹಾಡುತ್ತದೆ. ಅಲ್ಲಿಗೇ ವಾಪಸ್ ಹೋಗಿ ಇನ್ನೊಂದು ಸಲ ಕೇಳಿ. ಈ ತಂಡದಲ್ಲಿ ವಾದ್ಯವೂ ಒಬ್ಬ ಹಾಡುಗಾರ ಅನ್ನುವುದು ಆಗ ಕಿವಿಗೇ ತಿಳಿಯುತ್ತದೆ.

ಆಮೇಲೆ ಅದೇ ವರ್ಷದ ‘ಪೆರ್ ಉನ್ ಅಮೀಕೊ’. ಐದೇ ಹಾಡು, ಒಂದನ್ನೂ ಹಾರಿಸಬೇಡಿ. ಮೊದಲನೆಯದು ಕ್ಲಾಸಿಕಲ್ ಗಿಟಾರ್, ಫ್ಲೂಟಿನಿಂದ ತುಂಬಾ ಮೆತ್ತಗೆ ಶುರುವಾಗುತ್ತದೆ. ಸದ್ದು ಕಮ್ಮಿ ಅಂತ ವಾಲ್ಯೂಮ್ ಏರಿಸಬೇಡಿ. ಸ್ವಲ್ಪ ಹೊತ್ತಿಗೆ ಇಡೀ ತಂಡ ಒಳಗೆ ನುಗ್ಗುತ್ತದೆ.

ಎರಡನೇ ಸಲ ಕೇಳುವಾಗ ಮೌರೋ ಪಗಾನಿ ಒಬ್ಬರನ್ನೇ ಹಿಂಬಾಲಿಸಿ. ಫ್ಲೂಟೂ ಅವರದೇ, ಪಿಟೀಲೂ ಅವರದೇ. ನಾನು ಎಂಟು ವರ್ಷ ಪಿಟೀಲು ಕಲಿತವಳು. ನಮ್ಮ ಕಛೇರಿಗಳಲ್ಲಿ ಪಕ್ಕವಾದ್ಯವಾಗಿ ಕೂತ ಪಿಟೀಲು ಹಾಡುಗಾರರ ನೆರಳಾಗಿ ಬರುತ್ತದೆ. ಇಲ್ಲಿ ಅದು ಡ್ರಮ್ಸಿನ ಜೊತೆ ಸರಿಸಮ ನಿಂತು ಮಾತಾಡುತ್ತದೆ. ಮೊದಲ ಸಲ ಅದನ್ನು ಗುರುತಿಸಿದ ದಿನ ನಾನು ಪೆಟ್ಟಿಗೆಯಿಂದ ನನ್ನ ಪಿಟೀಲು ತೆಗೆದು ತಂತಿ ಬದಲಾಯಿಸಿದೆ. ಮೂರನೇ ಸಲ ಫ್ಲಾವಿಯೋ ಪ್ರೆಮೋಲಿ ಅವರ ಕೀಬೋರ್ಡು, ಮುಖ್ಯವಾಗಿ ‘ಇಲ್ ಬಾಂಕೆತ್ತೊ’ ಹಾಡಿನ ಪಿಯಾನೊ.

ಒಂದು ಮಾತು ಖಂಡಿತ ಹೇಳಬೇಕು. 1973ರ ‘ಫೋಟೋಸ್ ಆಫ್ ಘೋಸ್ಟ್ಸ್’ನಲ್ಲಿ ಇವೇ ಹಾಡುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಗೀತರಚನೆಕಾರ ಪೀಟ್ ಸಿನ್‌ಫೀಲ್ಡ್ ಬರೆದ ಇಂಗ್ಲಿಷ್ ಸಾಹಿತ್ಯದಲ್ಲಿ ಬಂದವು. ಭಾಷೆ ಗೊತ್ತಿದೆ ಅಂತ ಅಲ್ಲಿಂದ ಶುರು ಮಾಡಬೇಡಿ. ಇಟಾಲಿಯನ್ ಪದಗಳು ಕನ್ನಡದ ಹಾಗೆ ಜಾಸ್ತಿ ಸ್ವರಾಕ್ಷರದಲ್ಲೇ ಮುಗಿಯುತ್ತವೆ, ಅಲ್ವಾ? ಹಾಡುಗಾರ ಆ ಕೊನೆಯ ಸ್ವರಾಕ್ಷರವನ್ನು ಎಳೆದಾಗ ಫ್ಲೂಟು ಸಲೀಸಾಗಿ ಅದರೊಳಗೆ ಸೇರಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ವ್ಯಂಜನ ಅಡ್ಡ ಬರುತ್ತದೆ.

ಇಷ್ಟು ಆದಮೇಲೆ 1974ರ ಅಮೆರಿಕ ಪ್ರವಾಸದ ಲೈವ್ ಆಲ್ಬಮ್ ‘ಕುಕ್’ ಹುಡುಕಿ. ಕೊನೆಯ ಹೊತ್ತಿಗೆ ಪಗಾನಿ ಪಿಟೀಲಿನಲ್ಲಿ ಇಟಲಿಯ ಸಂಗೀತಕಾರ ರೊಸ್ಸೀನಿಯ ‘ವಿಲಿಯಂ ಟೆಲ್’ ಒಪೆರಾದ ಸಂಗೀತ ಹಿಡಿದು ಓಡುತ್ತಾರೆ. ಅದಕ್ಕೆ ಹೆಡ್‌ಫೋನ್ ಬೇಡ. ಸ್ಪೀಕರಿನಲ್ಲಿ ಜೋರಾಗಿ ಹಾಕಿ.