ಮೂರು ರೆಸಿಸ್ಟರ್, ಎರಡು ಸಲ ಹೊಗೆ: ನನ್ನ ಅನುಭವ

24 ವೋಲ್ಟ್ ಸಪ್ಲೈ ಪರೀಕ್ಷಿಸಲು ಡಮ್ಮಿ ಲೋಡ್, ಅಂದರೆ ಸುಮ್ಮನೆ ಕರೆಂಟ್ ಎಳೆಯುವ ಹೊರೆ, ಬೇಕಿತ್ತು. ಡಬ್ಬಿಯಲ್ಲಿ ಸಿಕ್ಕಿದ್ದು 10, 22, 68 ಓಮ್ ರೆಸಿಸ್ಟರ್‌ಗಳು. ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದು, ಜೋಡಿಸಿದೆ. ಒಟ್ಟು 100 ಓಮ್, ಕರೆಂಟ್ 0.24 ಆಂಪಿಯರ್, ಪವರ್ ಸುಮಾರು 5.8 ವ್ಯಾಟ್. ಮೂರಕ್ಕೆ ಹಂಚಿದರೆ ತಲಾ 2 ವ್ಯಾಟ್‌ಗೂ ಕಮ್ಮಿ, ಅಲ್ವಾ? ಎಲ್ಲವನ್ನೂ 2 ವ್ಯಾಟ್ ತಡೆಯುವಂಥದೇ ಹಾಕಿದೆ.

ಕೆಲವೇ ನಿಮಿಷದಲ್ಲಿ 68ರ ಮೈ ಕಪ್ಪಾಯಿತು. ಬಣ್ಣದ ಪಟ್ಟಿಗಳ ಗುರುತೇ ಸಿಗದಂತಾಯಿತು, ಆಮೇಲೆ ಹೊಗೆ. ಪಕ್ಕದ 10 ಓಮಿನದು ಬೆಚ್ಚಗಿತ್ತು ಅಷ್ಟೆ. ಮೀಟರ್ ಹಿಡಿದರೆ ಸುಟ್ಟದ್ದರ ಮೇಲೆ ಪೂರ್ತಿ 24 ವೋಲ್ಟ್, ಉಳಿದೆರಡರ ಮೇಲೆ ಸೊನ್ನೆ. ಸುಟ್ಟದ್ದು ಒಳಗೆ ತುಂಡಾಗಿತ್ತು. ಮಾಲು ಸರಿಯಿಲ್ಲ ಅಂದುಕೊಂಡು ಇನ್ನೊಂದು ಹಾಕಿದೆ. ಅದೂ ಹೋಯಿತು.

ಸಿಟ್ಟಿಗೆ ಮೂರನ್ನೂ 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಮಾಡಿದೆ. ನಡೆಯಿತು, ಆದರೆ ದುಡ್ಡು ದಂಡ. ಪೆಟ್ಟಿಗೆಯ ಮುಚ್ಚಳವೂ ಕೂರಲಿಲ್ಲ.

ಆಮೇಲೆ ಕಾಗದ ಹಿಡಿದು ಕೂತೆ. ಕರೆಂಟ್ ಎಲ್ಲಕ್ಕೂ ಒಂದೇ. ಅದರ ವರ್ಗ ಸುಮಾರು 0.058. ಓಮಿನಿಂದ ಗುಣಿಸಿದರೆ 0.6, 1.3, 3.9 ವ್ಯಾಟ್. ಕೂಡಿದರೆ ಮತ್ತೆ 5.8. ಲೆಕ್ಕ ತಾಳೆಯಾಯಿತು! ಪ್ರತಿಯೊಂದಕ್ಕೂ ಕನಿಷ್ಠ ದುಪ್ಪಟ್ಟು ಹಿಡಿದೆ: 68ಕ್ಕೆ 10 ವ್ಯಾಟ್, 22ಕ್ಕೆ 3, 10ಕ್ಕೆ ಹಳೇ 2 ವ್ಯಾಟಿನದೇ. ಸಪ್ಲೈ 26ಕ್ಕೆ ಏರಿದರೂ 68ರ ಪಾಲು 4.6 ವ್ಯಾಟ್ ಅಷ್ಟೆ. ರಾತ್ರಿಯಿಡೀ ಓಡಿಸಿದೆ, ಬೋರ್ಡಿನ ಬಣ್ಣ ಕೂಡ ಮಾಸಲಿಲ್ಲ.

ಗೆಳೆಯರು ಮಾತ್ರ ಒಪ್ಪಲಿಲ್ಲ. "ಓಮ್ ಕಮ್ಮಿ ಇದ್ದರೇ ಜಾಸ್ತಿ ಸುಡೋದು" ಅಂತ ಹಟ. ಸಮಾಂತರದಲ್ಲಿ, ಅಂದರೆ ಪ್ರತಿಯೊಂದಕ್ಕೂ ಪೂರ್ತಿ ವೋಲ್ಟೇಜ್ ಸಿಗುವಾಗ, ಹೌದು. ಸರಣಿಯಲ್ಲಿ ವೋಲ್ಟೇಜೇ ಹಂಚಿಹೋಗುತ್ತದಲ್ಲ! ಸುಮ್ನೆ ವಾದ ಬೇಡ ಅಂತ ಕಾರಿನ ಎರಡು 12 ವೋಲ್ಟ್ ಬಲ್ಬ್ ತಂದೆ. ಒಂದು 5 ವ್ಯಾಟ್, ಇನ್ನೊಂದು 21. ಓಮ್ ಜಾಸ್ತಿ ಇರೋದು 5 ವ್ಯಾಟಿನದಕ್ಕೆ. ಸರಣಿಯಲ್ಲಿಟ್ಟು 12 ವೋಲ್ಟ್ ಕೊಟ್ಟೆ. 5 ವ್ಯಾಟಿನದು ಹೆಚ್ಚುಕಮ್ಮಿ ಪೂರ್ತಿ ಉರಿಯಿತು. 21ರದ್ದು ಕತ್ತಲೆ. ಒಬ್ಬ "ಅದು ಫ್ಯೂಸ್ ಹೋಗಿದೆ" ಅಂದ. ಬಿಚ್ಚಿ ಅದೊಂದನ್ನೇ ನೇರ 12 ವೋಲ್ಟಿಗೆ ಹಿಡಿದ. ಕಣ್ಣು ಕುಕ್ಕಿತು.